ಅಸ್ಥ್ಯರ್ಬುದ ಮತ್ತು ಅದರ ಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

ರೋಗಗಳಿಗೂ ಇತಿಹಾಸವುಂಟು. ರಾಜವಂಶಗಳ ಕಾಲನಿರ್ಣಯವನ್ನೂ ಶಾಸನಗಳ ಪಾಠವನ್ನೂ ಪರಿಶೀಲಿಸುವುದರಲ್ಲಿ ತೊಡಗಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಮೊದಲಿಗೆ ತುಸು ವಿಚಿತ್ರವಾಗಿ ತೋರಬಹುದು. ಆದರೆ ಒಂದು ಕಾಲದ ಜನ ಯಾವ ವ್ಯಾಧಿಗೆ ತುತ್ತಾದರು, ಅದನ್ನು ಏನೆಂದು ತಿಳಿದರು, ಯಾರ ಬಳಿಗೆ ಹೋದರು, ಬದುಕಿ ಮರಳಿದವರು ಎಷ್ಟು ಮಂದಿ ಎಂಬುದನ್ನು ಅರಿಯದೆ ಆ ಕಾಲದ ಸಮಾಜವನ್ನು ಅರಿತೆವೆಂದು ಹೇಳಲಾಗದು. ಪ್ರಸ್ತುತ ಪ್ರಬಂಧದಲ್ಲಿ ಅಸ್ಥ್ಯರ್ಬುದ, ಎಂದರೆ ಜನರು ಇಂದು ಮೂಳೆ ಕ್ಯಾನ್ಸರ್ ಎಂದು ಕರೆಯುವ ರೋಗದ ತಿಳಿವಳಿಕೆ ಹೇಗೆ ಬೆಳೆದು ಬಂದಿತು, ಅದರ ಚಿಕಿತ್ಸೆ ಯಾವ ಯಾವ ಘಟ್ಟಗಳನ್ನು ದಾಟಿತು ಎಂಬುದನ್ನು ವಿವೇಚಿಸುವುದು ನಮ್ಮ ಉದ್ದೇಶ. ಈ ಕಥೆಯ ಬಹುಭಾಗ ನಡೆದದ್ದು ಹೊರದೇಶಗಳಲ್ಲಿ. ಆದರೂ ನಾವು ಅದನ್ನು ಬೆಂಗಳೂರಿನ ಒಂದು ಬಡಾವಣೆಯಲ್ಲಿ ನಿಂತು ನೋಡಬಯಸುತ್ತೇವೆ. ಅದಕ್ಕೆ ಕಾರಣವನ್ನು ಮುಂದೆ ನಿವೇದಿಸುತ್ತೇವೆ.

ಬೆಂಗಳೂರಿನ ವಾಯವ್ಯಕ್ಕೆ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನಲ್ಲಿ, ರಾಜಗೋಪಾಲನಗರವಿದೆ. ೧೯೭೦ರ ದಶಕದಿಂದೀಚೆಗೆ ಪೀಣ್ಯದ ಕಾರ್ಖಾನೆಗಳು ಬೆಳೆದಂತೆಲ್ಲ ಅದರ ಸುತ್ತಣ ಹಳ್ಳಿಗಳೂ ತೋಟಗಳೂ ಬಡಾವಣೆಗಳಾದವು. ಲೇತು ಯಂತ್ರದ ಮುಂದೆ ನಿಲ್ಲುವವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸರು, ನಾಡಿನ ನಾನಾ ಜಿಲ್ಲೆಗಳಿಂದ ಜೀವನೋಪಾಯಕ್ಕಾಗಿ ಬಂದ ಸಂಸಾರಗಳು ಇಲ್ಲಿ ನೆಲಸಿವೆ. ಇಂಥ ಒಂದು ಮನೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊಣಕಾಲು ನೋಯತೊಡಗಿತೆಂದು ಭಾವಿಸೋಣ. ಚೆಂಡಾಟದಲ್ಲಿ ಪೆಟ್ಟು ಬಿದ್ದಿರಬೇಕೆಂದು ತಾಯಿ ತಿಳಿಯುತ್ತಾಳೆ. ಬೆಳೆಯುವ ವಯಸ್ಸಿನ ನೋವೆಂದು ನೆರೆಯವರು ಹೇಳುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಅವರ ಮಾತೇ ನಿಜವಾಗಿರುತ್ತದೆ. ಆದರೆ ಎಲ್ಲೋ ಒಬ್ಬನಲ್ಲಿ ಆ ನೋವು ಹಗಲಿಗಿಂತ ರಾತ್ರಿ ಹೆಚ್ಚಾಗಿ, ವಾರಗಳು ಕಳೆದರೂ ಇಳಿಯದೆ, ಕೀಲಿನ ಮೇಲ್ಗಡೆ ಬಾವಾಗಿ ಕಾಣಿಸಿಕೊಳ್ಳುತ್ತದೆ. ಆ ಒಬ್ಬನ ಪಾಲಿಗೆ ಇತಿಹಾಸದ ಯಾವ ಘಟ್ಟದಲ್ಲಿ ತಾನು ಹುಟ್ಟಿದ್ದೇನೆ ಎಂಬುದೇ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಯುಕ್ತ. ಮೂಳೆಯಲ್ಲಿ ಕಾಣುವ ಅರ್ಬುದವೆಲ್ಲ ಮೂಳೆಯಲ್ಲೇ ಹುಟ್ಟಿದ್ದಲ್ಲ. ವಯಸ್ಸಾದವರಲ್ಲಿ ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಗ್ರಂಥಿ ಮುಂತಾದೆಡೆ ಹುಟ್ಟಿದ ಅರ್ಬುದವು ರಕ್ತದ ಮೂಲಕ ಬಂದು ಮೂಳೆಯಲ್ಲಿ ನೆಲಸುವುದೇ ಹೆಚ್ಚು. ಮೂಳೆಯಲ್ಲಿಯೇ ಮೂಲವನ್ನುಳ್ಳ ಅರ್ಬುದ ಅತಿ ವಿರಳ. ಎಲ್ಲ ಅರ್ಬುದಗಳ ಲೆಕ್ಕದಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದರಲ್ಲಿ ಮುಖ್ಯವಾದವು ಮೂರು. ಆಸ್ಟಿಯೋಸಾರ್ಕೋಮಾ ಎಂಬುದು ಬಹುಮಟ್ಟಿಗೆ ಹತ್ತರಿಂದ ಇಪ್ಪತ್ತು ವರ್ಷದವರನ್ನು, ಮೂಳೆ ತೀವ್ರವಾಗಿ ಬೆಳೆಯುವ ಕಾಲದಲ್ಲಿ, ಹೆಚ್ಚಾಗಿ ಮೊಣಕಾಲಿನ ಸುತ್ತಮುತ್ತ ಹಿಡಿಯುತ್ತದೆ. ಯೂಯಿಂಗ್ ಸಾರ್ಕೋಮಾ ಎಂಬುದೂ ಮಕ್ಕಳ ಮತ್ತು ತರುಣರ ರೋಗವೇ. ಮೃದ್ವಸ್ಥಿಯ ಸ್ವಭಾವವುಳ್ಳ ಕಾಂಡ್ರೋಸಾರ್ಕೋಮಾ ಪ್ರೌಢವಯಸ್ಕರದು. ಈ ಪ್ರಬಂಧದಲ್ಲಿ ನಮ್ಮ ಗಮನ ವಿಶೇಷವಾಗಿ ಮೊದಲನೆಯದರ ಮೇಲಿದೆ. ಏಕೆಂದರೆ ಚಿಕಿತ್ಸೆಯ ಇತಿಹಾಸದಲ್ಲಿ ಅತ್ಯಂತ ಸ್ಪಷ್ಟವಾದ ತಿರುವು ಕಂಡುಬರುವುದು ಅದರಲ್ಲಿ.

ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥಗಳಿಗೆ ಅರ್ಬುದವು ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳೊಡನೆ ಅರ್ಬುದದ ಲಕ್ಷಣವೂ ನಿರೂಪಿತವಾಗಿದೆ. ದುಂಡಾಗಿ, ಅಲುಗದೆ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು, ಕೀವುಗಟ್ಟದೆ ಇರುವ ಮಾಂಸದ ಉಬ್ಬು ಎಂಬುದು ಅಲ್ಲಿನ ವಿವರಣೆಯ ಸಾರ. ರಕ್ತಾರ್ಬುದ ಮಾಂಸಾರ್ಬುದಗಳು ಅಸಾಧ್ಯವೆಂದೂ, ಒಂದು ಅರ್ಬುದದ ಮೇಲೆ ಮತ್ತೊಂದು ಏಳುವುದುಂಟೆಂದೂ, ಶೇಷವುಳಿದರೆ ಮತ್ತೆ ಬೆಳೆಯುವುದರಿಂದ ನಿಶ್ಶೇಷವಾಗಿ ತೆಗೆಯಬೇಕೆಂದೂ ಆ ಗ್ರಂಥದ ಅಭಿಪ್ರಾಯ. ಇದನ್ನು ಓದಿ, ಆಧುನಿಕರು ಕಂಡದ್ದನ್ನೆಲ್ಲ ನಮ್ಮ ಪೂರ್ವಿಕರು ಮೊದಲೇ ಕಂಡಿದ್ದರೆಂದು ಹೇಳಹೊರಡುವುದು ಇತಿಹಾಸಕಾರನಿಗೆ ಸಲ್ಲದು. ಮೂಳೆಯ ಅರ್ಬುದವನ್ನು ಆ ಗ್ರಂಥವು ಬೇರೊಂದು ರೋಗವಾಗಿ ವಿಂಗಡಿಸಿಲ್ಲ. ಅಸ್ಥಿಧಾತುವಿನ ವೃದ್ಧಿಯಿಂದ ಆಗುವ ಅಧ್ಯಸ್ಥಿಯನ್ನು ಹೇಳಿದೆಯಾದರೂ ಅದನ್ನೂ ಇದನ್ನೂ ಒಂದೆನ್ನಲು ಆಧಾರವಿಲ್ಲ. ಇಷ್ಟು ಮಾತ್ರ ನಿಶ್ಚಯ: ಬರಿಯ ಕಣ್ಣಿಗೆ ಕಾಣುವಷ್ಟನ್ನು ಆ ವೈದ್ಯರು ನಿಷ್ಪಕ್ಷಪಾತವಾಗಿ ನೋಡಿ ದಾಖಲಿಸಿದರು, ಅಸಾಧ್ಯವಾದುದನ್ನು ಅಸಾಧ್ಯವೆಂದೇ ಹೇಳಿದರು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನಲ್ಲಿ ಈ ರೋಗಕ್ಕೆ ಪ್ರತ್ಯೇಕವಾದ ಹೆಸರು ಬಂತು. ೧೮೦೫ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಅಲೆಕ್ಸಿಸ್ ಬೊಯೆ ಎಂಬಾತ ಆಸ್ಟಿಯೋಸಾರ್ಕೋಮಾ ಎಂಬ ಪದವನ್ನು ಬಳಸಿದನು. ಆದರೆ ಹೆಸರಿಟ್ಟ ಮಾತ್ರಕ್ಕೆ ರೋಗ ಕೈವಶವಾಗಲಿಲ್ಲ. ೧೮೪೬ರಲ್ಲಿ ಈಥರ್ ಅರಿವಳಿಕೆ ಬಳಕೆಗೆ ಬಂದು, ೧೮೬೭ರಲ್ಲಿ ಲಿಸ್ಟರನು ನಂಜುನಿವಾರಣೆಯ ವಿಧಾನವನ್ನು ಪ್ರಕಟಿಸಿದ ಮೇಲೆ ಅಂಗಚ್ಛೇದನವನ್ನು ರೋಗಿ ಸಹಿಸಿ ಬದುಕುವ ಸಂಭವ ಹೆಚ್ಚಿತು. ೧೮೭೯ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಗ್ರಾಸ್ ಉದ್ದ ಮೂಳೆಗಳ ಸಾರ್ಕೋಮಾದ ೧೬೫ ಪ್ರಸಂಗಗಳನ್ನು ಕೂಡಿಹಾಕಿ ಪರಿಶೀಲಿಸಿ, ಬೇಗನೆ ಕೈಕಾಲನ್ನು ತೆಗೆಯುವುದೇ ಮಾರ್ಗವೆಂದು ವಾದಿಸಿದನು. ಆ ಕಾಲದ ತಿಳಿವಳಿಕೆಗೆ ಅದು ಸರಿಯಾದ ವಾದವೇ. ರೋಗ ಕಾಲಿನಲ್ಲಿದೆ, ಕಾಲನ್ನು ತೆಗೆದರೆ ರೋಗವೂ ಹೋಗಬೇಕು. ಆದರೆ ಹಾಗಾಗಲಿಲ್ಲ. ಗಾಯ ಮಾಯ್ದು ಊರುಗೋಲಿನ ಮೇಲೆ ಮನೆಗೆ ಹೋದ ತರುಣನೇ ಕೆಲವು ತಿಂಗಳ ಮೇಲೆ ಕೆಮ್ಮಿ, ಉಸಿರು ಕಟ್ಟಿ, ಶ್ವಾಸಕೋಶದ ಗಡ್ಡೆಗಳಿಂದ ಸಾಯುತ್ತಿದ್ದನು. ಕತ್ತಿ ಎಷ್ಟು ಹರಿತವಾದರೂ ಈ ಒಗಟು ಬಿಡಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲರ್ಧವು ರೋಗವನ್ನು ಗೆದ್ದ ಕಾಲವಲ್ಲ, ಗುರುತಿಸಿದ ಕಾಲ. ೧೮೯೫ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷಕಿರಣದಿಂದ ಮೂಳೆಯ ಒಳಗನ್ನು ಕೊಯ್ಯದೆಯೇ ನೋಡುವುದು ಸಾಧ್ಯವಾಯಿತು. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ೧೯೨೦ರ ಸುಮಾರಿನಲ್ಲಿ ಮೂಳೆಯ ಸಾರ್ಕೋಮಾದ ಪ್ರಸಂಗಗಳನ್ನೆಲ್ಲ ಒಂದೆಡೆ ನೋಂದಾಯಿಸುವ ಕಾರ್ಯವನ್ನು ಆರಂಭಿಸಿದನು. ವಿರಳವಾದ ರೋಗವನ್ನು ಒಬ್ಬೊಬ್ಬ ವೈದ್ಯನು ತನ್ನ ಜೀವಮಾನದಲ್ಲಿ ಒಂದೆರಡು ಸಲ ಮಾತ್ರ ಕಾಣಬಹುದಾದ್ದರಿಂದ, ಎಲ್ಲರೂ ಕಂಡದ್ದನ್ನು ಒಟ್ಟುಗೂಡಿಸದೆ ಸತ್ಯ ಹೊರಡದು ಎಂಬುದು ಆತನ ದೃಢವಾದ ನಂಬಿಕೆ. ಮೂಳೆಯ ಹೊದಿಕೆ ಎತ್ತಲ್ಪಟ್ಟಾಗ ಕ್ಷಕಿರಣದ ಚಿತ್ರದಲ್ಲಿ ಕಾಣುವ ತ್ರಿಕೋನಕ್ಕೆ ಇಂದಿಗೂ ಆತನ ಹೆಸರಿದೆ. ನ್ಯೂಯಾರ್ಕಿನ ಜೇಮ್ಸ್ ಯೂಯಿಂಗ್ ೧೯೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಿರಣಚಿಕಿತ್ಸೆಗೆ ಬಗ್ಗುವ ಬೇರೊಂದು ಬಗೆಯ ಅಸ್ಥ್ಯರ್ಬುದವನ್ನು ಬೇರ್ಪಡಿಸಿ ತೋರಿಸಿದನು.

ಇದೇ ಕಾಲದ ಇನ್ನೊಂದು ಘಟನೆ ಕೈಗಾರಿಕಾ ಪ್ರದೇಶದ ನಿವಾಸಿಗಳಿಗೆ ವಿಶೇಷವಾಗಿ ಸ್ಮರಣೀಯ. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವನ್ನು ಬಳಿಯುವ ಕೆಲಸಕ್ಕೆ ಎಳೆಯ ಹೆಣ್ಣುಮಕ್ಕಳನ್ನು ನೇಮಿಸಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪುಮಾಡುವುದು ಅಲ್ಲಿಯ ವಾಡಿಕೆ. ದೇಹವು ರೇಡಿಯಮ್ಮನ್ನು ಸುಣ್ಣದಂತೆಯೇ ಮೂಳೆಯಲ್ಲಿ ಸೇರಿಸಿಕೊಳ್ಳುತ್ತದೆ. ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯನು ೧೯೨೫ರಿಂದ ಈ ಕೆಲಸಗಾರ್ತಿಯರ ರೋಗವನ್ನು ಶೋಧಿಸಿ, ೧೯೨೯ರಲ್ಲಿ ಅವರಲ್ಲಿ ಉಂಟಾದ ಅಸ್ಥ್ಯರ್ಬುದವನ್ನು ವರದಿ ಮಾಡಿದನು. ಬಹುತೇಕ ರೋಗಿಗಳಲ್ಲಿ ಈ ರೋಗದ ಕಾರಣ ಇಂತಹುದೆಂದು ಬೆರಳಿಟ್ಟು ತೋರಿಸಲು ಇಂದಿಗೂ ಆಗದು. ವಂಶವಾಹಿಯ ದೋಷ ಕೆಲವರಲ್ಲಿ ಉಂಟು. ಕಣ್ಣಿನ ಅರ್ಬುದಕ್ಕೆ ಕಾರಣವಾದ ವಂಶವಾಹಿಯೇ ಆಸ್ಟಿಯೋಸಾರ್ಕೋಮಾಕ್ಕೂ ಸಂಬಂಧಪಟ್ಟದ್ದೆಂದು ೧೯೮೬ರಲ್ಲಿ ತಿಳಿಯಿತು. ಆದರೆ ಕಾರಣ ಕೈಗೆ ಸಿಕ್ಕ ಆ ಒಂದು ಪ್ರಸಂಗದಲ್ಲಿ ಅದು ಕೂಲಿಗಾರ್ತಿಯರ ದುಡಿಮೆಯ ರೀತಿಯಲ್ಲಿಯೇ ಇತ್ತೆಂಬುದನ್ನು ಮರೆಯಲಾಗದು.

೧೯೫೦ರ ದಶಕದ ವೈದ್ಯರು ಎಂಥ ನಿರುಪಾಯ ಸ್ಥಿತಿಯಲ್ಲಿದ್ದರೆಂಬುದಕ್ಕೆ ಇಂಗ್ಲೆಂಡಿನ ಸರ್ ಸ್ಟ್ಯಾನ್‌ಫರ್ಡ್ ಕೇಡ್ ಅನುಸರಿಸಿದ ಕ್ರಮವೇ ಸಾಕ್ಷಿ. ಆತ ಮೊದಲು ಕಾಲಿಗೆ ಕಿರಣಚಿಕಿತ್ಸೆ ಕೊಟ್ಟು, ಸುಮಾರು ಆರು ತಿಂಗಳು ಕಾಯುತ್ತಿದ್ದನು. ಅಷ್ಟರಲ್ಲಿ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸದಿದ್ದವರಿಗೆ ಮಾತ್ರ ಅಂಗಚ್ಛೇದನ. ಹೇಗಿದ್ದರೂ ಸಾಯುವ ಮಗುವಿನ ಕಾಲನ್ನು ವ್ಯರ್ಥವಾಗಿ ಕತ್ತರಿಸಬಾರದೆಂಬ ಕರುಣೆ ಇದರ ಹಿಂದಿತ್ತು. ಚಿಕಿತ್ಸೆಯೇ ಸೋಲನ್ನು ಒಪ್ಪಿಕೊಂಡು ರೂಪುಗೊಂಡ ಇಂಥ ಉದಾಹರಣೆಗಳು ವೈದ್ಯದ ಇತಿಹಾಸದಲ್ಲಿ ವಿರಳ. ಆ ಕಾಲದಲ್ಲಿ ಐದು ವರ್ಷ ಬದುಕುತ್ತಿದ್ದವರು ನೂರಕ್ಕೆ ಇಪ್ಪತ್ತರಷ್ಟು ಮಾತ್ರ.

ಒಗಟಿನ ಉತ್ತರ ಇದರಲ್ಲಿಯೇ ಅಡಗಿತ್ತು. ರೋಗವು ಕಾಲಿನಲ್ಲಿ ಕಂಡ ದಿನವೇ, ಬಹುತೇಕ ರೋಗಿಗಳಲ್ಲಿ, ಕಣ್ಣಿಗೂ ಕ್ಷಕಿರಣಕ್ಕೂ ಕಾಣದಷ್ಟು ಸೂಕ್ಷ್ಮವಾಗಿ ಶ್ವಾಸಕೋಶವನ್ನು ಸೇರಿರುತ್ತದೆ. ಹಾಗಿದ್ದರೆ ಕಾಲಿಗೆ ಮಾತ್ರ ಮಾಡುವ ಚಿಕಿತ್ಸೆ ಸಾಲದು. ರಕ್ತದ ಮೂಲಕ ದೇಹದಲ್ಲೆಲ್ಲ ಸಂಚರಿಸುವ ಔಷಧ ಬೇಕು. ೧೯೭೪ರಲ್ಲಿ ನಾರ್ಮನ್ ಜಾಫೆ ಮತ್ತು ಸಂಗಡಿಗರು ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಅತಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಅದರ ವಿಷವನ್ನು ಪ್ರತ್ಯೌಷಧದಿಂದ ತಗ್ಗಿಸುವ ಕ್ರಮವನ್ನು ಪ್ರಕಟಿಸಿದರು. ಅದೇ ವರ್ಷ ಕಾರ್ಟೆಸ್ ಮತ್ತು ಸಂಗಡಿಗರು ಆಡ್ರಿಯಾಮೈಸಿನ್ ಔಷಧದ ಫಲವನ್ನು ವರದಿ ಮಾಡಿದರು. ಅಂಗಚ್ಛೇದನದ ಅನಂತರ ಈ ಔಷಧಗಳನ್ನು ಪಡೆದವರಲ್ಲಿ ಅರ್ಧಕ್ಕೂ ಮೇಲ್ಪಟ್ಟು ಮಂದಿ ರೋಗ ಮರುಕಳಿಸದೆ ಉಳಿದಂತೆ ಕಂಡಿತು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಪಾಠವಾಗಬಲ್ಲ ಒಂದು ವಿವಾದ ಎದ್ದಿತು. ಹೊಸ ಔಷಧ ಪಡೆದವರನ್ನು ಹಿಂದಿನ ದಶಕಗಳ ರೋಗಿಗಳೊಡನೆ ಹೋಲಿಸಿ ಗೆಲುವನ್ನು ಸಾರಲಾಗಿತ್ತು. ಆದರೆ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು, ಔಷಧವಿಲ್ಲದೆಯೂ ತಮ್ಮಲ್ಲಿ ಇತ್ತೀಚಿನ ರೋಗಿಗಳು ಹಿಂದಿನವರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದಾರೆಂದು ತೋರಿಸಿದರು. ಕ್ಷಕಿರಣದ ಪರೀಕ್ಷೆ ಸೂಕ್ಷ್ಮವಾದದ್ದರಿಂದ ರೋಗಿಗಳ ಆಯ್ಕೆಯೇ ಬದಲಾಗಿರಬಹುದಲ್ಲವೆ? ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸುವಾಗ ಎರಡೂ ಒಂದೇ ಅಳತೆಯಿಂದ ಬರೆದವೇ ಎಂಬ ಪ್ರಶ್ನೆ ನಮ್ಮ ಶಾಸ್ತ್ರದಲ್ಲಿ ಎಷ್ಟು ಮುಖ್ಯವೋ ಅಲ್ಲಿಯೂ ಅಷ್ಟೇ ಮುಖ್ಯವಾಯಿತು. ಕೊನೆಗೆ ಮೈಕೇಲ್ ಲಿಂಕ್ ಮತ್ತು ಸಹೋದ್ಯೋಗಿಗಳು ೩೬ ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ ನೋಡಿದರು. ೧೯೮೬ರಲ್ಲಿ ಪ್ರಕಟವಾದ ಫಲ ಸಂದೇಹಕ್ಕೆ ಎಡೆಗೊಡಲಿಲ್ಲ. ಎರಡು ವರ್ಷಗಳ ಅನಂತರ ರೋಗ ಮರಳದೆ ಇದ್ದವರು ಶಸ್ತ್ರಚಿಕಿತ್ಸೆ ಮಾತ್ರ ಪಡೆದ ಗುಂಪಿನಲ್ಲಿ ನೂರಕ್ಕೆ ೧೭, ಔಷಧವನ್ನೂ ಪಡೆದ ಗುಂಪಿನಲ್ಲಿ ನೂರಕ್ಕೆ ೬೬. ಹಳೆಯ ವೈದ್ಯರ ನಿರಾಶೆ ತಪ್ಪು ಲೆಕ್ಕದಿಂದ ಹುಟ್ಟಿದ್ದಲ್ಲವೆಂಬುದೂ, ಹೊಸ ಔಷಧದ ಗುಣ ಭ್ರಾಂತಿಯಲ್ಲವೆಂಬುದೂ ಒಟ್ಟಿಗೆ ಸಿದ್ಧವಾದವು.

ಔಷಧವು ಪ್ರಾಣವನ್ನು ಉಳಿಸಿದ್ದಲ್ಲದೆ ಕಾಲನ್ನೂ ಉಳಿಸಿತು. ನ್ಯೂಯಾರ್ಕಿನಲ್ಲಿ ರೋಗಿಯ ಅಳತೆಗೆ ಲೋಹದ ಕೀಲನ್ನು ತಯಾರಿಸಲು ಕೆಲವು ತಿಂಗಳು ಹಿಡಿಯುತ್ತಿತ್ತು. ಆ ಅವಧಿಯಲ್ಲಿ ಸುಮ್ಮನಿರುವುದರ ಬದಲು ಜೆರಾಲ್ಡ್ ರೋಸೆನ್ ಮತ್ತು ಜೊತೆಗಾರರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಔಷಧವನ್ನು ಕೊಡತೊಡಗಿದರು. ಗಡ್ಡೆ ಸಾಯುವುದನ್ನು ಕಣ್ಣಾರೆ ಕಾಣುವುದು ಇದರಿಂದ ಸಾಧ್ಯವಾಯಿತು. ತೆಗೆದ ಗಡ್ಡೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಸತ್ತಿದ್ದರೆ ಮುಂದಿನ ಭರವಸೆ ಹೆಚ್ಚು ಎಂಬ ಅಳತೆ ರೂಢಿಗೆ ಬಂತು. ಅನಿವಾರ್ಯವಾದ ವಿಳಂಬದಿಂದ ಹುಟ್ಟಿದ ಕ್ರಮವೇ ಲೋಕದ ಸಾಮಾನ್ಯ ಪದ್ಧತಿಯಾಯಿತು. ಇಂದು ಮೊದಲು ಕೆಲವು ವಾರ ಔಷಧ, ಆಮೇಲೆ ರೋಗಗ್ರಸ್ತ ಮೂಳೆಯನ್ನು ತೆಗೆದು ಲೋಹದ ಕೀಲನ್ನೋ ಬೇರೆ ಮೂಳೆಯನ್ನೋ ಜೋಡಿಸುವುದು, ಆಮೇಲೆ ಮತ್ತೆ ಔಷಧ ಎಂಬ ಮೂರು ಹಂತಗಳಲ್ಲಿ, ಒಟ್ಟು ಆರರಿಂದ ಒಂಬತ್ತು ತಿಂಗಳ ಚಿಕಿತ್ಸೆ ನಡೆಯುತ್ತದೆ. ಬಹುಪಾಲು ರೋಗಿಗಳಲ್ಲಿ ಕೈಕಾಲು ಉಳಿಯುತ್ತದೆ; ರೋಗ ಬೇರೆಡೆ ಕಾಣಿಸದವರಲ್ಲಿ ನೂರಕ್ಕೆ ಅರುವತ್ತರಿಂದ ಎಪ್ಪತ್ತು ಮಂದಿ ಐದು ವರ್ಷ ದಾಟುತ್ತಾರೆ. ಆದರೆ ೧೯೮೦ರ ದಶಕದಿಂದ ಈ ಸಂಖ್ಯೆ ಹೆಚ್ಚು ಮೇಲೇರಿಲ್ಲವೆಂಬುದನ್ನೂ ಹೇಳಬೇಕು. ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡು ಹಲವು ದೇಶಗಳು ಕೂಡಿ ನಡೆಸಿದ ಪ್ರಯೋಗದಲ್ಲಿ ಮತ್ತಷ್ಟು ಔಷಧಗಳನ್ನು ಸೇರಿಸಿದರೂ ಪ್ರಯೋಜನ ಕಾಣಲಿಲ್ಲವೆಂದು ೧೯೧೬ರ ಶತಮಾನಾನಂತರ, ಎಂದರೆ ೨೦೧೬ರಲ್ಲಿ, ಪ್ರಕಟವಾಯಿತು.

ಭಾರತದಲ್ಲಿ ಈ ಚಿಕಿತ್ಸೆ ಬೇರೂರಿದ ಬಗೆಯನ್ನು ಈಗ ನೋಡೋಣ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿಯೂ, ಮದ್ರಾಸಿನ ಅಡಯಾರ್ ಕ್ಯಾನ್ಸರ್ ಸಂಸ್ಥೆ ೧೯೫೪ರಲ್ಲಿಯೂ ಆರಂಭವಾದವು. ಹೊರದೇಶದ ಲೋಹದ ಕೀಲು ನಮ್ಮ ಮಧ್ಯಮ ವರ್ಗದವರಿಗೂ ಎಟುಕದ್ದಾಗಿತ್ತು. ಮದ್ರಾಸಿನಲ್ಲಿ ಮಯಿಲ್‌ವಾಹನನ್ ನಟರಾಜನ್ ಅವರು ೧೯೮೦ರ ದಶಕದ ಕೊನೆಯಿಂದ ರೋಗಿಯ ಅಳತೆಗೆ ತಕ್ಕ ಕೀಲುಗಳನ್ನು ದೇಶದಲ್ಲಿಯೇ ಮಾಡಿಸಿ ಜೋಡಿಸಿದರು. ಟಾಟಾ ಆಸ್ಪತ್ರೆಯವರೂ ಸ್ವದೇಶಿ ಕೀಲನ್ನು ರೂಪಿಸಿದರು. ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟನ್ನು ಕೊಡಲು ರಕ್ತದಲ್ಲಿ ಅದರ ಮಟ್ಟವನ್ನು ಪದೇಪದೇ ಅಳೆಯಬೇಕು. ಆ ಸೌಕರ್ಯ ಎಲ್ಲೆಡೆ ಇಲ್ಲ. ಆದ್ದರಿಂದ ಅದನ್ನು ಬಿಟ್ಟು ಉಳಿದ ಔಷಧಗಳನ್ನೇ ಕ್ರಮವಾಗಿ ಕೊಡುವ ಪದ್ಧತಿಯೊಂದನ್ನೂ ಟಾಟಾ ಆಸ್ಪತ್ರೆಯಲ್ಲಿ ಬೆಳೆಸಿದರು. ಕಾಲನ್ನು ಕಳೆದುಕೊಳ್ಳಲೇಬೇಕಾದವರಿಗೆ ೧೯೬೮ರ ಸುಮಾರಿಗೆ ರೂಪುಗೊಂಡ ಜಯಪುರದ ಕೃತಕ ಪಾದ ದೊರೆಯಿತು. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕೂರುವ ನಮ್ಮ ಜನರ ರೀತಿಗೆ ಹೊಂದುವಂತೆ ಮಾಡಿದ ವಸ್ತು ಅದು.

ನಮ್ಮ ನಾಡಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ೧೯೦೦ರಲ್ಲಿ ತೆರೆಯಿತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರಿಗೆ ತನ್ನದೇ ವೈದ್ಯಕೀಯ ಕಾಲೇಜು ಬಂದದ್ದು ೧೯೫೫ರಲ್ಲಿ. ಅರ್ಬುದರೋಗಕ್ಕೇ ಮೀಸಲಾದ ಕಿದ್ವಾಯಿ ಸ್ಮಾರಕ ಸಂಸ್ಥೆ ೧೯೭೩ರಲ್ಲಿ ಸ್ಥಾಪಿತವಾಗಿ ೧೯೮೦ರಲ್ಲಿ ಸ್ವಾಯತ್ತವಾಯಿತು. ಡಾ. ಎಂ. ಕೃಷ್ಣ ಭಾರ್ಗವ ಅವರು ಅದರ ಸಂಸ್ಥಾಪಕ ನಿರ್ದೇಶಕರು. ರಾಷ್ಟ್ರೀಯ ಅರ್ಬುದ ನೋಂದಣಿ ಕಾರ್ಯಕ್ರಮವು ೧೯೮೨ರಲ್ಲಿ ಕಾರ್ಯಾರಂಭ ಮಾಡಿದಾಗ ಜನಸಂಖ್ಯೆಯನ್ನು ಆಧರಿಸಿದ ನೋಂದಣಿಗೆ ಮುಂಬಯಿ, ಮದ್ರಾಸುಗಳೊಡನೆ ಬೆಂಗಳೂರನ್ನೂ ಆರಿಸಲಾಯಿತು. ಆ ಕಾರ್ಯ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯಿತು. ಅರುವತ್ತು ವರ್ಷಗಳ ಹಿಂದೆ ಕಾಡ್‌ಮನ್ ಹಿಡಿದ ಹಾದಿ ಹೀಗೆ ನಮ್ಮ ಊರಿಗೂ ಬಂದು ಮುಟ್ಟಿತು.

ಇನ್ನು ನಾವು ಆರಂಭದಲ್ಲಿ ಬಿಟ್ಟು ಬಂದ ಹುಡುಗನ ಬಳಿಗೆ ಹಿಂದಿರುಗುವುದು ಉಚಿತ. ರಾಜಗೋಪಾಲನಗರದಿಂದ ಕಿದ್ವಾಯಿ ಸಂಸ್ಥೆ ಅದೇ ನಗರದಲ್ಲಿದೆ. ಪೀಣ್ಯದಲ್ಲಿಯೂ ರಾಜಾಜಿನಗರದಲ್ಲಿಯೂ ಇ.ಎಸ್.ಐ. ಆಸ್ಪತ್ರೆಗಳಿವೆ. ೨೦೧೦ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡವರ ಅರ್ಬುದ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಂಡಿತು. ೨೦೧೮ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿತು. ಹಾಗಿದ್ದರೂ ಅಂತರವಿದೆ. ಅದು ಮೈಲಿಯ ಅಂತರಕ್ಕಿಂತ ಕಾಲದ ಅಂತರ. ನೋವಿಗೆ ಮೊದಲು ಮುಲಾಮು, ಆಮೇಲೆ ಔಷಧದಂಗಡಿಯ ಗುಳಿಗೆ, ಆಮೇಲೆ ಮೂಳೆ ಕಟ್ಟುವವರ ಪಟ್ಟು. ಮುರಿದ ಮೂಳೆಯನ್ನು ಕೂಡಿಸುವ ನಾಟಿ ವೈದ್ಯದ ಮೇಲೆ ನಮ್ಮ ಜನರಿಗಿರುವ ವಿಶ್ವಾಸವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಗಡ್ಡೆಯನ್ನು ತಿಕ್ಕುವುದೂ ಬಿಗಿಯುವುದೂ ಸಲ್ಲದು. ಹತ್ತಕ್ಕಿಂತ ಕಡಿಮೆ ಆಳುಗಳಿರುವ ಶೆಡ್ಡಿನಲ್ಲಿ ದುಡಿಯುವ ತಂದೆಗೆ ವಿಮೆಯ ರಕ್ಷಣೆ ಸಾಮಾನ್ಯವಾಗಿ ದೊರೆಯದು. ಒಂದು ದಿನ ರಜೆಯೆಂದರೆ ಒಂದು ದಿನದ ಕೂಲಿ ಖೋತಾ. ಒಂಬತ್ತು ತಿಂಗಳ ಚಿಕಿತ್ಸೆಗೆ ಮಗನೊಡನೆ ಇರುವವರು ಯಾರು? ಕಾಲನ್ನು ತೆಗೆಯುವರೆಂಬ ಭಯದಿಂದ ನಡುವೆಯೇ ಆಸ್ಪತ್ರೆ ಬಿಡುವವರೂ ಉಂಟು. ಆ ಭಯ ೧೯೫೦ರ ದಶಕದಲ್ಲಿ ನಿಜವಾಗಿತ್ತು. ಇಂದು ಬಹುಪಾಲು ನಿಜವಲ್ಲ. ತಡವಾಗಿ ಬಂದವರಿಗೆ ಮಾತ್ರ ಅದು ಮತ್ತೆ ನಿಜವಾಗುವ ಸಂಭವ ಹೆಚ್ಚು.

ವೈದ್ಯರ ಕಡೆಯಿಂದಲೂ ಎಚ್ಚರ ಬೇಕು. ಗಡ್ಡೆಯ ತುಣುಕನ್ನು ಪರೀಕ್ಷೆಗೆ ತೆಗೆಯುವ ಕೆಲಸ ಸಣ್ಣದೆಂದು ತೋರಬಹುದು. ಆದರೆ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು ೧೯೮೨ರಲ್ಲಿ ೩೨೯ ರೋಗಿಗಳನ್ನು ಪರಿಶೀಲಿಸಿ, ಈ ಪರೀಕ್ಷೆ ಸರಿಯಾಗಿ ನಡೆಯದ ಕಾರಣದಿಂದಲೇ ನೂರಕ್ಕೆ ೪.೫ ಮಂದಿ ಅನಾವಶ್ಯಕವಾಗಿ ಅಂಗವನ್ನು ಕಳೆದುಕೊಂಡರೆಂದು ತೋರಿಸಿದರು. ತಪ್ಪುಗಳು ಹೆಚ್ಚಾಗಿ ನಡೆದದ್ದು ಮುಂದೆ ಚಿಕಿತ್ಸೆ ಮಾಡುವ ಕೇಂದ್ರದಲ್ಲಲ್ಲ, ಅದಕ್ಕೆ ಮುಂಚಿನ ಆಸ್ಪತ್ರೆಗಳಲ್ಲಿ. ಆದ್ದರಿಂದ ಕ್ಷಕಿರಣದಲ್ಲಿ ಸಂದೇಹ ಹುಟ್ಟಿದೊಡನೆ ರೋಗಿಯನ್ನು ಮುಟ್ಟದೆ ಕೇಂದ್ರಕ್ಕೆ ಕಳುಹಿಸುವುದೇ ಶ್ರೇಯಸ್ಕರ.

ಒಟ್ಟಿನಲ್ಲಿ ನಾವು ಕಂಡದ್ದು ಇಷ್ಟು. ಈ ರೋಗದ ಇತಿಹಾಸವು ಕತ್ತಿ ಹರಿತವಾದ ಇತಿಹಾಸವಲ್ಲ. ರೋಗವೆಲ್ಲಿದೆ ಎಂಬ ತಿಳಿವಳಿಕೆ ಬದಲಾದ ಇತಿಹಾಸ. ಕಾಲಿನಲ್ಲಿದೆ ಎಂದು ತಿಳಿದಾಗ ಕಾಲೂ ಹೋಯಿತು, ಪ್ರಾಣವೂ ಹೋಯಿತು. ದೇಹದಲ್ಲೆಲ್ಲ ಇದೆಯೆಂದು ತಿಳಿದಾಗ ಎರಡೂ ಉಳಿಯುವ ಮಾರ್ಗ ತೆರೆಯಿತು. ಇನ್ನುಳಿದ ಘಟ್ಟವನ್ನು ದಾಟಿಸುವುದು ಪ್ರಯೋಗಶಾಲೆಯೊಂದರಿಂದಲೇ ಆಗುವ ಕೆಲಸವಲ್ಲ. ಮಕ್ಕಳನ್ನು ದಿನವೂ ಕಾಣುವ ಉಪಾಧ್ಯಾಯರೂ ನಾಳೆ ಉಪಾಧ್ಯಾಯರಾಗುವ ವಿದ್ಯಾರ್ಥಿಗಳೂ ಅದರಲ್ಲಿ ಪಾಲುಗಾರರು. ಎರಡು ಮೂರು ವಾರ ಕಳೆದರೂ ಇಳಿಯದ, ರಾತ್ರಿ ನಿದ್ದೆಗೆಡಿಸುವ ಮೊಣಕಾಲು ನೋವಿಗೆ ಒಂದು ಕ್ಷಕಿರಣದ ಚಿತ್ರ ತೆಗೆಸಿರೆಂದು ತಾಯಿತಂದೆಗಳಿಗೆ ಹೇಳುವುದು ಸಣ್ಣ ಮಾತು. ಇನ್ನೂರು ವರ್ಷಗಳ ಶ್ರಮದ ಫಲ ರಾಜಗೋಪಾಲನಗರದ ಒಂದು ಮನೆಯನ್ನು ತಲುಪುವುದೋ ಇಲ್ಲವೋ ಎಂಬುದು ಬಹಳ ಸಲ ಆ ಸಣ್ಣ ಮಾತನ್ನು ಸಕಾಲದಲ್ಲಿ ಯಾರಾದರೂ ಆಡಿದರೇ ಎಂಬುದನ್ನು ಅವಲಂಬಿಸಿದೆ.